ಕಾಲು ಮುಂದಾಗಿ ಹುಟ್ಟಿದವಳು

ಮುದ್ದಕ್ಕ ಕಾಲು ಮುಂದಾಗಿ ಹುಟ್ಟಿದವಳು. ಕುದ್ರೋಳಿಯ ಆ ಓಣಿಯಲ್ಲಿ ಅವಳ ಮಾತು ಬಂದರೆ ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ, ಹಾಗಾಗಿ ನಾವೂ ಇಲ್ಲಿಂದಲೇ ಹೊರಡೋಣ. ಉಳಿದ ಮಕ್ಕಳೆಲ್ಲ ತಲೆ ಹಾಕಿ ಲೋಕ ನೋಡಿದರೆ, ಇವಳು ಮೊದಲು ಕಾಲಿಟ್ಟು ನೋಡಿದಳಂತೆ, ನೆಲ ಗಟ್ಟಿ ಉಂಟೋ ಇಲ್ಲವೋ ಎಂದು. ತಾಯಿ ಮಗು ಇಬ್ಬರೂ ಉಳಿದದ್ದನ್ನು ನೋಡಿ ಹೆರಿಗೆ ಮಾಡಿಸಿದ ಮುದುಕಿ, ಇನ್ನು ಈ ಹೆಣ್ಣಿನ ಕಾಲು ಊರವರ ಸೊಂಟಕ್ಕೆ ಆಗ್ತದೆ ಎಂದು ಹೇಳಿ ಕೈ ತೊಳೆದಳಂತೆ.

ಆದದ್ದೂ ಹಾಗೆಯೇ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಲಂಗ ಹಾಕುವ ಪ್ರಾಯದಿಂದಲೂ ಅವಳನ್ನು ನಿದ್ದೆಯಿಂದ ಎಬ್ಬಿಸಿ ಕರೆದುಕೊಂಡು ಹೋಗುವವರಿದ್ದರು. ಬಂದರಿನ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತವರು, ಹಂಚಿನ ಕಾರ್ಖಾನೆಯವರು, ಎಲೆ ತುಂಬಿದ ಸೂಪಿನ ಮೊರದ ಮುಂದೆ ಬಗ್ಗಿ ಬೀಡಿ ಕಟ್ಟಿ ಕಟ್ಟಿ ನೆಟ್ಟಗಾಗದ ಹೆಂಗಸರು. ಮದುವೆಯಾಗಿ ಈ ಓಣಿಗೆ ಬಂದಾಗ ಗಂಡ ನೋಣಯ್ಯನಿಗಿಂತ ಮೊದಲು ನೆರೆಕರೆಯವರು ಅವಳ ಕಾಲು ನೋಡಿದರು.

ತುಳಿಯುವುದಕ್ಕೆ ಒಂದು ಕ್ರಮ ಉಂಟು. ಬೆಳಿಗ್ಗೆ, ಇಬ್ಬರೂ ಬಾಯಿಗೆ ನೀರು ಹಾಕುವ ಮೊದಲು ಆಗಬೇಕು. ಸೊಂಟ ಹಿಡಿದವರು ಹೊಸ್ತಿಲ ಒಳಗೆ ಚಾಪೆಯಲ್ಲಿ ಬೋರಲು ಮಲಗಬೇಕು. ಮುದ್ದಕ್ಕ ಬಾಗಿಲ ಚೌಕಟ್ಟಿನ ದಾರಂದ ಹಿಡಿದು ನಿಂತು ಎಡಗಾಲು ಇಡುತ್ತಾಳೆ. ಎದ್ದ ಮೇಲೆ ಉಪಕಾರವಾಯ್ತು ಎಂದು ಹೇಳಲಿಕ್ಕಿಲ್ಲ, ತಿರುಗಿ ನೋಡಲಿಕ್ಕಿಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಆ ಕಾಲು ಹಿಡಿಯುವುದಿಲ್ಲ, ತನಗಂತೂ ಇಲ್ಲವೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟು ಇನ್ನೊಂದು: ಕಾಲು ಬೆನ್ನ ಮೇಲಿರುವಷ್ಟು ಹೊತ್ತು ಇಬ್ಬರೂ ತುಟಿ ಬಿಚ್ಚಬಾರದು. ನೋವಾದರೂ ಸುಮ್ಮನೆ, ಹಿತವಾದರೂ ಸುಮ್ಮನೆ. ಮಾತು ಬಂದರೆ ತುಳಿದದ್ದು ಹಾಳು.

ಮತ್ತೆ ನಿನಗೆ ಹೇಗೆ ಗೊತ್ತಾಗುವುದು ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಒಂದೇ: "ನನ್ನ ಕಾಲಿಗೆ ಕಿವಿ ಉಂಟು." ಅದು ಬಡಾಯಿಯಲ್ಲ. ಹಗ್ಗದ ಹಾಗೆ ಹುರಿಗೊಂಡ ಮಾಂಸ ಅಂಗಾಲಿನಡಿ ಸಡಿಲವಾಗುವುದು, ಎಲುಬು ಸಾಕು ಎನ್ನುವುದು, ಉಸಿರು ಒಮ್ಮೆ ತಡೆದು ಇಳಿಯುವುದು, ಎಲ್ಲ ಅವಳಿಗೆ ಕೆಳಗಿನಿಂದ ತಿಳಿಯುತ್ತಿತ್ತು. ಎಲ್ಲಿ ಎತ್ತಬೇಕೋ ಅಲ್ಲಿ ಕಾಲು ತಾನಾಗಿ ಎದ್ದು ಬರುತ್ತಿತ್ತು.

ಆ ಕಾಲು ಈಗ ಕಿವುಡಾಗಿತ್ತು.

ಮೊದಲು ಬೆರಳುಗಳಿಗೆ ಜೋಮು ಹಿಡಿಯಿತು. ಕೂತು ಎದ್ದದ್ದಕ್ಕೆ ಇರಬೇಕೆಂದು ಕೊಡವಿದಳು. ಜೋಮು ಹೋಗಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಅಂಗಾಲು ಪೂರ್ತಿ ಹೋಯಿತು. ಒಮ್ಮೆ ಮಾರ್ಕೆಟ್ಟಿನಿಂದ ಬಂದು ಜಗಲಿಯಲ್ಲಿ ನೋಡಿದರೆ ಒಂದೇ ಚಪ್ಪಲಿ. ಇನ್ನೊಂದು ಯಾವ ತಿರುವಿನಲ್ಲಿ ಬಿಟ್ಟುಹೋಯಿತೋ, ಕಾಲು ಹೇಳಲಿಲ್ಲ. ಅವಳೂ ಯಾರಿಗೂ ಹೇಳಲಿಲ್ಲ. ಜನ ಬರುತ್ತಿದ್ದರು, ಅವಳು ದಾರಂದ ಹಿಡಿದು ಕಾಲಿಡುತ್ತಿದ್ದಳು, ಅಂದಾಜಿನಲ್ಲಿ ಎತ್ತುತ್ತಿದ್ದಳು. ಯಾರಿಗೂ ಏನೂ ಆಗಿರಲಿಲ್ಲ. ಝುಬೈದಾಳ ಬೆನ್ನು ಬರುವ ತನಕ.

ಝುಬೈದಾ ಗೋಡೆಯಾಚೆಯವಳು. ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಈ ಓಣಿಗೆ ಸೊಸೆಯಾಗಿ ಬಂದವರು. ಕಂಪೌಂಡಿನ ಮೇಲಿಂದ ಈ ಕಡೆಯ ಸಾರು ಆ ಕಡೆ, ಆ ಕಡೆಯ ಅಕ್ಕಿಯ ಪತ್ತಿರಿ ರೊಟ್ಟಿ ಈ ಕಡೆ ದಾಟುತ್ತ ಇಬ್ಬರೂ ಮುದುಕಿಯರಾದರು. ನೀರಿನ ಕೊಡಪಾನ ಎತ್ತುವಾಗ ಝುಬೈದಾಳ ಸೊಂಟ ಹಿಡಿಯಿತು. ಮುದ್ದಕ್ಕನಲ್ಲದೆ ಇನ್ನು ಯಾರು?

ಬೆಳಿಗ್ಗೆ ಅವರ ಮನೆಗೇ ಹೋಗಿ, ದಾರಂದ ಹಿಡಿದು ಎಡಗಾಲು ಇಟ್ಟಳು. ಹತ್ತಿಯ ಮೂಟೆಯ ಮೇಲೆ ಇಟ್ಟ ಹಾಗೆ. ಇಟ್ಟದ್ದು ಹೌದೋ ಎಂದು ಬಗ್ಗಿ ನೋಡಬೇಕಾಯಿತು. ಸ್ವಲ್ಪ ಭಾರ ಬಿಟ್ಟಳು. ಕಾದಳು. ಏನೂ ಕೇಳಿಸಲಿಲ್ಲ. ಇನ್ನೂ ಸ್ವಲ್ಪ ಬಿಟ್ಟಳು. ಝುಬೈದಾಳ ಬೆರಳುಗಳು ಚಾಪೆಯ ಅಂಚನ್ನು ಮುದ್ದೆ ಮಾಡಿ ಹಿಡಿದದ್ದು ಕಂಡಿತು, ಆದರೆ ಅವಳ ತುಟಿ ಮುಚ್ಚಿತ್ತು. ಮುದ್ದಕ್ಕ ಕಾಲು ತೆಗೆದಳು. ಝುಬೈದಾ ಗೋಡೆ ಹಿಡಿದು ಎದ್ದು, ಕ್ರಮದ ಪ್ರಕಾರ ತಿರುಗಿ ನೋಡದೆ, ಒಳಗೆ ಹೋದಳು.

ಮರುದಿನದಿಂದ ಅವಳು ಕಂಪೌಂಡಿನ ಹತ್ತಿರ ಬರಲಿಲ್ಲ. ಅವಳ ಮಗಳು ಸುಹೈಲಾಳನ್ನು ಕೇಳಿದರೆ ಉಮ್ಮ ಮಲಗಿದ್ದಾರೆ ಎಂದಳು. ಮತ್ತೊಂದು ದಿನ ಕೇಳಿದಾಗಲೂ ಅದೇ. ಮುದ್ದಕ್ಕನಿಗೆ ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಅನ್ನ ಬಾಗಿಸಿ ತಿಳಿ ಬಸಿದಳು, ಬಟ್ಟೆ ಒಣಗಿಸಿದಳು, ಟಿವಿಯ ಮುಂದೆ ಕೂತಳು. ಜೋಮು ಮೇಲಕ್ಕೆ ಹತ್ತುತ್ತ ಎದೆಗೂ ಬಂತೋ ಏನೋ ಎಂದು ಒಮ್ಮೆ ಅಂದುಕೊಂಡಳು, ಅದನ್ನೂ ಬೇರೆ ಯಾರದೋ ಸಂಗತಿಯ ಹಾಗೆ.

ಮಗ ಲತೇಶ್ ಸಿಟಿ ಬಸ್ಸಿನ ಡ್ರೈವರ್. ನಂತೂರಿನ ಟ್ರಾಫಿಕ್ ಬ್ಲಾಕಿನಲ್ಲಿ ಲಾರಿಗಳ ನಡುವೆ ಕ್ಲಚ್ ತುಳಿದು ತುಳಿದು ಅವನ ಸೊಂಟವೂ ಹೋಗಿತ್ತು. ತಾಯಿಯ ಕಾಲು ಅವನಿಗೆ ಹಿಡಿಯುವುದಿಲ್ಲವಲ್ಲ, ಹಾಗಾಗಿ ಅತ್ತಾವರದ ಡೆನ್ಜಿಲ್ ಎಂಬ ಕೈರೋಪ್ರಾಕ್ಟರ್ ಹತ್ತಿರ ಹೋಗುತ್ತಿದ್ದ. ಗುಣ ಕಂಡಿತ್ತು. ತಾಯಿ ದಿನದಿಂದ ದಿನಕ್ಕೆ ಬಗ್ಗುವುದನ್ನು ನೋಡಿ, ರಜೆಯ ದಿನ ಅಲ್ಲಿಗೆ ಹೊರಡಿಸಿದ. ಮದ್ದಿಲ್ಲ, ಇಂಜೆಕ್ಷನ್ ಇಲ್ಲ, ಎಲ್ಲ ಕೈಯಲ್ಲೇ ಸರಿ ಮಾಡುವುದು ಎಂದು ವಿವರಿಸಿದ.

"ಅವನೂ ಕಾಲು ಮುಂದಾಗಿ ಹುಟ್ಟಿದವನಾ?"

"ಇಲ್ಲಮ್ಮ. ಆಸ್ಟ್ರೇಲಿಯಾದಲ್ಲಿ ಕಲಿತು ಬಂದದ್ದು."

ಅದೆಂತ ಕಲಿಯುವ ವಿದ್ಯೆಯಾ ಎಂದು ಅವಳು ರಿಕ್ಷಾ ಹತ್ತಿದಳು.

ಮೊಬೈಲಿನ ವಿಡಿಯೋಗಳಲ್ಲಿ ಕಾಣುವ ಹಾಗೆ ಕುತ್ತಿಗೆ ತಿರುಚಿ ಲಟಕ್ಕೆನಿಸುತ್ತಾನೆ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದಳು. ಡೆನ್ಜಿಲ್ ಅಂಥದ್ದೇನೂ ಮಾಡಲಿಲ್ಲ. ಎದುರು ಕೂತು ಕೇಳುತ್ತ ಹೋದರು. ಬಿದ್ದದ್ದುಂಟಾ, ರಕ್ತ ತೆಳು ಮಾಡುವ ಮಾತ್ರೆ ಉಂಟಾ, ಮೊದಲಿಗಿಂತ ಗಿಡ್ಡ ಆದ ಹಾಗೆ ಅನಿಸ್ತದಾ. ಆಮೇಲೆ ಒಂದು ಉದ್ದ ಬೆಂಚಿನ ಮೇಲೆ ಬೋರಲು ಮಲಗಲು ಹೇಳಿದರು. ಮುಖ ಇಡುವಲ್ಲಿ ಒಂದು ತೂತು. ಅದರಲ್ಲಿ ನೆಲದ ಟೈಲ್ಸ್ ಮತ್ತು ಡಾಕ್ಟ್ರ ಬೂಟಿನ ತುದಿ ಮಾತ್ರ ಕಾಣುತ್ತಿತ್ತು. ಇಷ್ಟು ಕಾಲ ನಿಂತವಳು ತಾನು, ಮಲಗಿದವರು ಊರವರು. ಮಲಗಿದವರಿಗೆ ಇಷ್ಟೇ ಕಾಣುವುದು ಎಂದು ಈಗ ತಿಳಿಯಿತು.

ಬೆನ್ನ ಮಣಿಗಳ ಮೇಲೆ ಬೆರಳು ಹಗುರವಾಗಿ ಇಳಿಯತೊಡಗಿತು. ನೋವಾದರೆ ಕೂಡಲೇ ಹೇಳಬೇಕು ಎಂದರು ಡೆನ್ಜಿಲ್. ಮುದ್ದಕ್ಕ ತುಟಿ ಮುಚ್ಚಿದಳು. ಇಲ್ಲಿ ನೋವುಂಟಾ ಎಂದರು. ಮೂಲೆಯಲ್ಲಿದ್ದ ಲತೇಶ್, ಡಾಕ್ಟ್ರು ಕೇಳ್ತಾ ಇದ್ದಾರಮ್ಮ ಎಂದು ನೆನಪಿಸಿದ. ಅವಳಿಗೆ ಕೇಳಿಸಿತ್ತು. ಬೆನ್ನ ಮೇಲೆ ಕೈ ಇರುವಾಗ ಮಾತಾಡಿದರೆ ಹಾಳಲ್ಲವಾ?

"ಅಮ್ಮ, ನೀವು ಬಾಯಿ ಬಿಟ್ಟು ಹೇಳದಿದ್ದರೆ ನನ್ನ ಕೈಗೆ ಅರ್ಧ ಮಾತ್ರ ಗೊತ್ತಾಗುವುದು" ಎಂದರು ಡೆನ್ಜಿಲ್. ಕೈ ತೆಗೆದು, ಮೆಲ್ಲ ಎಬ್ಬಿಸಿ ಕೂರಿಸಿದರು. ಎಕ್ಸ್‌ರೇ ನೋಡದೆ ಪ್ರಾಯ ಆದವರ ಬೆನ್ನು ಒತ್ತುವ ಕ್ರಮ ತನ್ನಲ್ಲಿ ಇಲ್ಲ ಎಂದರು. ಕೆಲವರ ಎಲುಬು ಒಳಗೆ ಹಪ್ಪಳದ ಹಾಗೆ ಆಗಿರುತ್ತದೆ, ಮೇಲಿನಿಂದ ತಿಳಿಯುವುದಿಲ್ಲ, ಜೋರಾಗಿ ಕೆಮ್ಮಿದರೂ ಕುಸಿಯುತ್ತದೆ.

ಹಪ್ಪಳ ಎಂಬ ಮಾತು ಮುದ್ದಕ್ಕನ ಕಿವಿಯಲ್ಲಿ ಹಾಗೇ ಕೂತಿತು.

ಡೆನ್ಜಿಲ್ ಅವಳ ಪಾದವನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡು, ಒಂದು ಹತ್ತಿಯ ಎಳೆ ತೆಗೆದರು. ಮುಟ್ಟಿದಾಗ ಹೇಳಬೇಕಂತೆ. ಅವಳು ನೋಡುತ್ತ ಕೂತಳು. ಹತ್ತಿ ತಾಗಿದಾಗಲೆಲ್ಲ ಹೌದು ಎಂದಳು. ಒಂದೂ ತಪ್ಪಲಿಲ್ಲ.

"ಈಗ ಕಣ್ಣು ಮುಚ್ಚಿ."

ಮುಚ್ಚಿದಳು. ಈಗ ಎಂದರು ಡೆನ್ಜಿಲ್. ಹೌದು ಎಂದಳು. ಈಗ? ಹೌದು. ಈಗ? ಹೌದು.

"ಅಮ್ಮ, ನಾನಿನ್ನೂ ಮುಟ್ಟಲೇ ಇಲ್ಲ."

ಕಣ್ಣು ತೆರೆದಾಗ ಲತೇಶ್ ಅವಳ ಮುಖವನ್ನಲ್ಲ, ಪಾದವನ್ನು ನೋಡುತ್ತಿದ್ದ. ಇದು ಬೆನ್ನಿನಿಂದ ಬಂದ ಜೋಮಿನ ಹಾಗೆ ಕಾಣುವುದಿಲ್ಲ, ಸಕ್ಕರೆ ಕಾಯಿಲೆಯಿಂದ ಇರಬಹುದು, ಮೊದಲು ರಕ್ತ ಪರೀಕ್ಷೆ ಮಾಡಿಸಿ ದೊಡ್ಡ ಡಾಕ್ಟ್ರಿಗೆ ತೋರಿಸಿ ಎಂದರು ಡೆನ್ಜಿಲ್. ಬರಿಗಾಲಲ್ಲಿ ನಡೆಯಬಾರದು, ಗಾಯ ಉಂಟಾ ಎಂದು ದಿನಾ ಯಾರಾದರೂ ಅಂಗಾಲು ನೋಡಬೇಕು. ಬೆನ್ನಿನ ಕೆಲಸ ಆಮೇಲೆ, ಅವಸರ ಇಲ್ಲ.

ಮುದ್ದಕ್ಕ ಒಂದೇ ಒಂದು ಕೇಳಿದಳು. "ನಿಮ್ಮ ಕೈಗೆ ಹೀಗೆ ಜೋಮು ಹಿಡಿದರೆ ನೀವು ಬೇರೆಯವರ ಬೆನ್ನು ಒತ್ತುತ್ತೀರಾ?"

ಡೆನ್ಜಿಲ್ ನಕ್ಕರು. "ಒತ್ತಿದರೆ ನನ್ನನ್ನು ಜೈಲಿಗೆ ಹಾಕ್ತಾರೆ."

ಲತೇಶನೂ ನಕ್ಕ. ಅವಳು ಚಪ್ಪಲಿ ಹಾಕಿಕೊಂಡಳು, ಹಾಕಿದ್ದು ಹೌದೋ ಎಂದು ಬಗ್ಗಿ ನೋಡಿಕೊಂಡಳು.

ರಿಕ್ಷಾದಿಂದ ಇಳಿಯುವಾಗ ಸುಹೈಲಾ ಗೇಟಿನಲ್ಲಿ ಕಾದಿದ್ದಳು. ಉಮ್ಮನಿಗೆ ಮಗ್ಗುಲು ತಿರುಗಲಿಕ್ಕೂ ಆಗುವುದಿಲ್ಲ. ಒಂದು ಸಲಕ್ಕೆ ಬಿಡದ ಸೊಂಟ ಇನ್ನೊಂದು ಸಲಕ್ಕೆ ಬಿಟ್ಟೀತು ಎಂದು ಅವಳ ಆಸೆ. "ನಾಳೆ ಬೆಳಿಗ್ಗೆ ಇನ್ನೊಮ್ಮೆ ಬಂದು ಕಾಲಿಡ್ತೀರಾ ಮುದ್ದಕ್ಕ?"

ಬರುತ್ತೇನೆ ಎಂದಳು ಮುದ್ದಕ್ಕ. ಬಾಯಿಗೆ ಬಂದದ್ದು ಅದೊಂದೇ. ಲತೇಶ್ ಒಳಗೆ ಬಂದ ಮೇಲೆ, ಹೋಗ್ತೀಯಾ ಎಂದು ಕೇಳಿದ. ಹೋಗಬೇಕಲ್ಲ ಎಂದಳು. ಹೋಗದೆ ಇರಲಿಕ್ಕೆ ಒಂದು ಸುಳ್ಳು ಸಾಕಿತ್ತು. ಹೋಗಿ ಹಗುರಾಗಿ ಮುಟ್ಟಿಸಿದ ಹಾಗೆ ಮಾಡಿ ಬಂದರೂ ಆಗುತ್ತಿತ್ತು. ಆದರೆ ಹಗುರು ಯಾವುದು ಎಂದು ಹೇಳುವವರು ಯಾರು?

ಬೆಳಿಗ್ಗೆ ಬಾಯಿಗೆ ನೀರು ಹಾಕದೆ ಹೋದಳು. ಹೊಸ್ತಿಲ ಒಳಗೆ ಚಾಪೆ ಹಾಸಿತ್ತು. ಸುಹೈಲಾ ಉಮ್ಮನನ್ನು ಹೇಗೋ ಬೋರಲು ಮಲಗಿಸಿದ್ದಳು. ಝುಬೈದಾ ಕೆನ್ನೆಯನ್ನು ಚಾಪೆಗೆ ಒತ್ತಿ, ತುಟಿ ಬಿಗಿದು, ಕಾಯುತ್ತಿದ್ದಳು. ಬೆರಳುಗಳು ಆಗಲೇ ಅಂಚು ಹಿಡಿದಿದ್ದವು.

ಮುದ್ದಕ್ಕ ದಾರಂದ ಹಿಡಿದಳು. ಎಡಗಾಲನ್ನು ನೋಡಿದಳು. ಆಮೇಲೆ ದಾರಂದ ಬಿಟ್ಟು, ಅದೇ ಹೊಸ್ತಿಲ ಮೇಲೆ ಕೂತಳು.

"ಝುಬೈದಾ, ನನ್ನ ಕಾಲಿಗೆ ಎಂತದೂ ಗೊತ್ತಾಗುವುದಿಲ್ಲ."

ಝುಬೈದಾಳ ಬೆರಳುಗಳು ಚಾಪೆಯ ಅಂಚನ್ನು ಬಿಟ್ಟವು. "ಯಾವಾಗಿನಿಂದ?"

"ಹೋದ ಮಳೆಗಾಲದಿಂದ."

"ಹಾಗಾದರೆ ಆ ದಿನ?"

"ಆ ದಿನವೂ."

"ನನಗೆ ಗೊತ್ತಾಯ್ತು" ಎಂದಳು ಝುಬೈದಾ. "ನಿನ್ನ ಕಾಲು ನನಗೆ ಗೊತ್ತಿಲ್ವಾ? ಆ ದಿನ ಇಟ್ಟದ್ದು ಕಾಲಲ್ಲ, ಒನಕೆ."

"ಒಂದು ಮಾತು ಹೇಳಬಾರದಿತ್ತಾ ಮಾರಾಯ್ತಿ?"

"ಮಾತಾಡಬಾರದು ಅಂತ ಕಲಿಸಿದ್ದು ಯಾರು?"

ಸುಹೈಲಾ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೈಯದೆ, ಮುದ್ದಕ್ಕ ಕೂತ ಹೊಸ್ತಿಲನ್ನು ದಾಟಿಕೊಂಡು ರಿಕ್ಷಾ ತರಲು ಹೋದಳು.

ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಝುಬೈದಾಳ ಬೆನ್ನಿನ ಒಂದು ಮಣಿ ಕುಸಿದದ್ದು ಕಂಡಿತು. ಎಲುಬು ಮೊದಲೇ ಸವೆದಿತ್ತು. ಬೆಲ್ಟು, ಮಾತ್ರೆ, ವಿಶ್ರಾಂತಿ. ಲತೇಶ್ ಆ ಎಕ್ಸ್‌ರೇಯ ಫೋಟೋವನ್ನು ಡೆನ್ಜಿಲ್‌ಗೆ ತೋರಿಸಿದಾಗ, ಈಗ ಯಾರೂ ಆ ಬೆನ್ನು ಒತ್ತಬಾರದು, ನಾನೂ ಒತ್ತುವುದಿಲ್ಲ, ಎಲುಬು ಕೂಡಿದ ಮೇಲೆ ಆಸ್ಪತ್ರೆಯವರು ಹೂಂ ಅಂದರೆ ಕೂರುವ ಏಳುವ ಕ್ರಮ ಹೇಳಿಕೊಡುವ ಎಂದರು. ಯಾವಾಗ ಕುಸಿದದ್ದು ಎಂದು ಮುದ್ದಕ್ಕ ಮಗನ ಕೈಯಲ್ಲಿ ಕೇಳಿಸಿದಳು. ಕೊಡಪಾನ ಎತ್ತುವಾಗಲೇ ಆದದ್ದಿರಬಹುದು. ಆಮೇಲೆ ಆದದ್ದೂ ಇರಬಹುದು. ಈ ಫೋಟೋ ನೋಡಿ ಹೇಳಲಿಕ್ಕಾಗುವುದಿಲ್ಲ ಎಂದರಂತೆ ಡೆನ್ಜಿಲ್.

ಹಾಗಾದರೆ ತನ್ನಿಂದ ಆದದ್ದು ಹೌದೋ ಅಲ್ಲವೋ ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಮುದ್ದಕ್ಕ ಅಳು ಬರುತ್ತದೋ ಎಂದು ಜಗಲಿಯಲ್ಲಿ ಕೂತು ಕಾದಳು. ಬರಲಿಲ್ಲ. ಕುಕ್ಕರ್ ಕೂಗಿತು, ಎದ್ದು ಹೋದಳು.

ಓಣಿಯಲ್ಲಿ ಸುದ್ದಿ ಹಬ್ಬಿತು. ತುಳಿಸಲಿಕ್ಕೆ ಜನ ಬರುವುದು ನಿಂತಿತು. ಸುದ್ದಿ ತಿಳಿಯದ ಒಬ್ಬರು ಬೋಳಾರದಿಂದ ಬಂದಿದ್ದರು, ಅವರನ್ನು ಜಗಲಿಯಲ್ಲಿ ಕೂರಿಸಿ ಮೊದಲು ಎಕ್ಸ್‌ರೇ ತೆಗೆಸಿ ಎಂದು ಕಳಿಸಿದಳು. ಕಾಲು ಮುಂದಾಗಿ ಹುಟ್ಟಿದವಳ ಬಾಯಿಂದ ಇದೆಂತ ಮಾತು ಎಂದು ಅವರು ಗೊಣಗುತ್ತ ಹೋದರು.

ಅವಳ ರಕ್ತದಲ್ಲಿ ಸಕ್ಕರೆ ಇದ್ದದ್ದು ಹೌದು. ಮಾತ್ರೆ ಶುರುವಾಯಿತು. ಅವಳ ಬೆನ್ನಿನ ಎಕ್ಸ್‌ರೇ ನೋಡಿದ ಮೇಲೆ ಡೆನ್ಜಿಲ್ ಪೆನ್ನಿನಷ್ಟು ದೊಡ್ಡ ಒಂದು ಸ್ಪ್ರಿಂಗಿನ ಸಾಧನದಿಂದ ಟಿಕ್ ಟಿಕ್ ಎಂದು ಮೆಲ್ಲ ತಟ್ಟುತ್ತಾರೆ. ಗೋಡೆಯ ಗಡಿಯಾರದಷ್ಟೂ ಶಬ್ದ ಇಲ್ಲ. ಮುದ್ದಕ್ಕ ತೂತಿನಲ್ಲಿ ಮುಖ ಇಟ್ಟು ಟೈಲ್ಸ್ ನೋಡುತ್ತ, ಅಲ್ಲಿ ನೋವುಂಟು, ಅಲ್ಲಿ ಇಲ್ಲ, ಇನ್ನೂ ಕೆಳಗೆ ಎಂದು ಹೇಳುತ್ತ ಹೋಗುತ್ತಾಳೆ. ಬೆನ್ನು ಒಂಚೂರು ನೆಟ್ಟಗಾಗಿದೆ. ಕಾಲು ಹಾಗೆಯೇ ಉಂಟು.

ಸಂಜೆ ಸುಹೈಲಾ ಒಳಗೆ ಕೆಲಸದಲ್ಲಿರುವ ಹೊತ್ತು ನೋಡಿ ಗೋಡೆಯಾಚೆ ಹೋಗುತ್ತಾಳೆ. ಸುಹೈಲಾ ಇನ್ನೂ ಮುಖ ಕೊಟ್ಟು ಮಾತಾಡುವುದಿಲ್ಲ, ಚಾ ಮಾತ್ರ ತಂದಿಡುತ್ತಾಳೆ, ಸಕ್ಕರೆ ಹಾಕದೆ. ಝುಬೈದಾ ಬೆಲ್ಟು ಕಟ್ಟಿಕೊಂಡು ದಿಂಬಿಗೆ ಒರಗಿರುತ್ತಾಳೆ. ಮುದ್ದಕ್ಕ ಮಂಚದ ತುದಿಯಲ್ಲಿ ಕೂತು ಕಾಲು ನೀಡುತ್ತಾಳೆ. ದಿನಾ ಯಾರಾದರೂ ಅಂಗಾಲು ನೋಡಬೇಕಲ್ಲ, ಅದನ್ನು ಝುಬೈದಾ ವಹಿಸಿಕೊಂಡಿದ್ದಾಳೆ. ಕನ್ನಡಕ ಏರಿಸಿ, ಬೆರಳ ಸಂದುಗಳನ್ನು ಬಿಡಿಸಿ, ಮೀನು ಕೊಳ್ಳುವವಳ ಹಾಗೆ ತಿರುಗಿಸಿ ನೋಡುತ್ತಾಳೆ. ಆಮೇಲೆ ಕಣ್ಣು ಮುಚ್ಚು ಎನ್ನುತ್ತಾಳೆ.

"ಈಗ?"

"ಇಲ್ಲ."

"ಈಗ?"

"ಇಲ್ಲ."

"ಈಗ ನಾನು ಮುಟ್ಟಲೇ ಇಲ್ಲ ಮಾರಾಯ್ತಿ."

"ಅದಕ್ಕೇ ಇಲ್ಲ ಅಂದದ್ದು."

ಝುಬೈದಾ ನಗಲು ಹೋಗಿ ಬೆಲ್ಟು ಒತ್ತಿ ಹಿಡಿಯುತ್ತಾಳೆ. ನಗು ಇಳಿದ ಮೇಲೆ ಪುನಃ ಬೆರಳು ಇಡುತ್ತಾಳೆ, ಅಥವಾ ಇಡುವುದಿಲ್ಲ. ಮುದ್ದಕ್ಕ ಕಣ್ಣು ತೆರೆಯುವುದಿಲ್ಲ.

"ಈಗ?"

"ಇಲ್ಲ."