ಮಾವನ ಏರ್‌ಗನ್ನಿಗೆ ಒಂದು ತೊಟ್ಟು ಶೇಂಗಾ ಎಣ್ಣೆ

ಹೋದ ಭಾನುವಾರ ಅಟ್ಟದಿಂದ ಏರ್‌ಗನ್ ಇಳಿಸಿ, ಅದಕ್ಕೆ ಸುತ್ತಿದ್ದ ಹಳೆ ಪಂಚೆ ಬಿಚ್ಚಿದೆ. ಮೊದಲು ಮೂಗಿಗೆ ಬಡಿದದ್ದು ಶೇಂಗಾ ಎಣ್ಣೆಯ ಕಮಟು ವಾಸನೆ. ಅದರ ಹಿಂದೆಯೇ ಸುಟ್ಟ ಚರ್ಮದ ವಾಸನೆ. ನನ್ನ ಮಾವ, ಅಂದರೆ ಗಂಡನ ತಂದೆ, ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಈ ಸಲ ಮಹಡಿಯ ಮೇಲೆ ಬಿತ್ತನೆ ಶೇಂಗಾ ಹರವಿದ್ದೇ ತಡ, ಕೋತಿಗಳು ಬಂದು ಕೂತವು. "ಅದನ್ನೊಂದಿಷ್ಟು ಸರಿ ಮಾಡಮ್ಮ, ಬೀಜಕ್ಕೇ ಕಾಯಿ ಉಳಿಯಂಗಿಲ್ಲ" ಎಂದು ಅತ್ತೆ ಹೇಳಿದ್ದರಿಂದ ಇಳಿಸಿದೆ.

ನನ್ನ ತವರು ಎಣ್ಣೆ ಮಿಲ್ಲುಗಳ ಊರು ಚಳ್ಳಕೆರೆ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಕಾಲೇಜಿನಲ್ಲಿ ಹತ್ತು ಮೀಟರ್ ಏರ್‌ಗನ್ ಶೂಟಿಂಗ್ ಆಡುತ್ತಿದ್ದೆ. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದ ಮೇಲೆ ಶಾಲೆಯಲ್ಲಿ ಪಿ.ಟಿ. ಟೀಚರ್ ಆದೆ, ಮಕ್ಕಳಿಗೆ ಶೂಟಿಂಗೂ ಕಲಿಸುತ್ತೇನೆ. ಹಾಗಾಗಿ ಏರ್‌ಗನ್ ವಿಷಯದಲ್ಲಿ ನನಗೆ ಸ್ವಲ್ಪ ಮಡಿ ಜಾಸ್ತಿ. ಒಳಗಿನ ಸ್ಪ್ರಿಂಗಿಗೆ ಕಪ್ಪು ಗ್ರೀಸು, ಅದೂ ಸವರಿದಂತೆ ಮಾಡಿದರೆ ಸಾಕು. ಗಾಳಿ ಒತ್ತುವ ಚರ್ಮದ ವಾಷರಿಗೆ ಸಿಲಿಕಾನ್ ಎಣ್ಣೆ, ಒಂದೇ ತೊಟ್ಟು. ಹೊರಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಹೊಲಿಗೆ ಮಿಷನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆ. ನಳಿಗೆಯೊಳಗೆ ಒಣ ಬಟ್ಟೆ ಬಿಟ್ಟು ಬೇರೇನೂ ಹೋಗಬಾರದು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಎಣ್ಣೆಗೂ ಅದೇ ಮಾತು.

ಮಾವ ಹಾಕುತ್ತಿದ್ದದ್ದು ಅಡಿಗೆಯ ಶೇಂಗಾ ಎಣ್ಣೆ. ಅದೂ ನಾನು ತವರಿನಿಂದ ತಂದದ್ದು. ಕ್ಯಾನಿನ ಮುಚ್ಚಳ ತೆಗೆದರೆ ಒಗ್ಗರಣೆಗಿಂತ ಮೊದಲು ಅವರ ಏರ್‌ಗನ್ನಿಗೆ ನೈವೇದ್ಯ ಆಗಬೇಕಿತ್ತು. ಮಹಡಿಗೆ ಹೋಗಿ ಗುಂಡು ಹಾರಿಸಿದರೆ ಪಟಾಕಿಯಂಥ ಸದ್ದು, ನಳಿಗೆಯ ತುದಿಯಲ್ಲಿ ಹೊಗೆ. ಕೋತಿಗಳು ಎದ್ದೆವೋ ಬಿದ್ದೆವೋ ಎಂದು ಹುಣಸೆಮರಕ್ಕೆ ಓಡುತ್ತಿದ್ದವು. ಸದ್ದು ಕೇಳಿದ ಕೂಡಲೇ ಅತ್ತೆ ಕೆಳಗಿನಿಂದ ಕೂಗುತ್ತಿದ್ದರು, "ಸಾಕು ಇಳೀರಿ, ಮುದ್ದೆ ಆರ್ತೈತೆ." ಈ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅದೇ ಗಂಟೆ.

ಮದುವೆಯಾದ ಮೊದಲ ವರ್ಷ ನನಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಅಡಿಗೆ ಎಣ್ಣೆ ಒಳಗೆ ಅಂಟಾಗುತ್ತದೆ. ಒತ್ತಿದ ಗಾಳಿ ಕಾದು, ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಆ ಸದ್ದು, ಆ ಹೊಗೆ ಅದರದ್ದೇ. ವಾಷರ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಅವರನ್ನು ಕೇಳಿಯೇ ಬಿಚ್ಚಿ, ಅಂಟನ್ನೆಲ್ಲ ಕೆರೆದು, ಹೊಸ ವಾಷರ್ ಹಾಕಿ ಸಿಲಿಕಾನ್ ಎಣ್ಣೆ ಬಿಟ್ಟು ಕೊಟ್ಟೆ. "ಎಣ್ಣೆ ಊರಿನ ಹುಡುಗಿ ಎಣ್ಣೆಗೇ ಹೆದರ್ತಾಳೆ ನೋಡು" ಎಂದು ನಕ್ಕರು.

ಮರುದಿನ ಕೋತಿಗಳು ಬಂದವು. ಮಾವ ಹೊಡೆದರು. ಫುಸ್ ಎಂದಿತು, ಅಷ್ಟೇ. ಗುಂಡೇನೋ ಹಿತ್ತಲ ಮಣ್ಣುಗೋಡೆಯಲ್ಲಿ ಆಳಕ್ಕೆ ಹೂತುಹೋಯಿತು. ಆದರೆ ಕೋತಿಗಳು ಒಮ್ಮೆ ತಿರುಗಿ ನೋಡಿ ಮತ್ತೆ ಶೇಂಗಾ ಬಿಡಿಸತೊಡಗಿದವು. ಮುಂದಿನ ಮುಂಗಾರಿಗೆ ಎಂದು ಆರಿಸಿಟ್ಟ ಕಾಯಿ ಅದು. ನನ್ನ ಗಂಡನಿಗೆ ಸಿಟ್ಟು ಬಂತು.

"ಒಂದಕ್ಕೆ ಬೀಳ್ಲಿ ಅಪ್ಪಾ. ಆಮ್ಯಾಕೆ ಒಂದೂ ಈ ಕಡೆ ತಲೆ ಹಾಕಲ್ಲ."

ಮಾವ ಮತ್ತೆ ಗುಂಡು ತುಂಬಿದರು. ದೊಡ್ಡ ಗಡವ ಕೋತಿಯೊಂದು ರಾಶಿಯ ಮೇಲೆಯೇ ಕೂತಿತ್ತು. ಆ ದೂರಕ್ಕೆ ತಪ್ಪುವ ಮಾತೇ ಇರಲಿಲ್ಲ, ನಾನೇ ಗುರಿ ಸರಿಮಾಡಿದ್ದೆ. ಅವರು ಎತ್ತಿ ಗುರಿ ಹಿಡಿದರು. ಆಮೇಲೆ ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ ಹಾರಿಸಿಬಿಟ್ಟರು. ಗಡವ ಅಲುಗಲಿಲ್ಲ. ಪೊರಕೆ, ತಟ್ಟೆ ಬಡಿದು ಅದನ್ನು ಓಡಿಸುವಷ್ಟರಲ್ಲಿ ಕಾಲು ಭಾಗ ಕಾಯಿ ಹೋಗಿತ್ತು.

ಆಗಲೇ ನಾನು ಆ ಮಣ್ಣುಗೋಡೆಯನ್ನು ಸರಿಯಾಗಿ ನೋಡಿದ್ದು. ಸಿಡುಬು ಎದ್ದ ಮುಖದ ಹಾಗಿತ್ತು. ವರ್ಷಗಟ್ಟಲೆಯ ಗುಂಡುಗಳೆಲ್ಲ ಅಲ್ಲೇ ಇದ್ದವು.

ಮಾವ ಅಡಿಗೆಮನೆಗೆ ಹೋಗಿ ಬೆಂಕಿಕಡ್ಡಿಯ ತುದಿಯಲ್ಲಿ ಎಣ್ಣೆ ಅದ್ದಿಕೊಂಡು ಬಂದರು. "ಅಮ್ಮಾಯಿ, ಬ್ಯಾಸರ ಮಾಡ್ಕೋಬ್ಯಾಡ. ನೀನು ಹೊಡಿಯಾಕೆ ರೆಡಿ ಮಾಡಿದೀಯ. ನನಗೆ ಬೇಕಾಗಿದ್ದು ಬೆದರ್ಸಾಕೆ."

"ವಾಷರ್ ಸುಟ್ಟೋಗ್ತೈತೆ ಮಾವ. ಸ್ಪ್ರಿಂಗೂ ಮುರೀತೈತೆ."

"ಮುರಿದ್ರೆ ನೀನಿಲ್ವಾ?"

ಆಮೇಲೆ ಪ್ರತಿವರ್ಷ ನಡೆದದ್ದು ಇದೇ. ಕಾಯಿ ಒಣಗುವವರೆಗೆ ಅವರು ಕೆಡಿಸುತ್ತಿದ್ದರು. ಚೀಲ ಕಟ್ಟಿದ ಮೇಲೆ ಒಂದು ಭಾನುವಾರ ನಾನು ಬಿಚ್ಚುತ್ತಿದ್ದೆ. ಅವರು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಸ್ಟೀಲ್ ತಟ್ಟೆಯಲ್ಲಿ ಸ್ಕ್ರೂಗಳನ್ನು ಹಿಡಿದುಕೊಳ್ಳುತ್ತಿದ್ದರು. ನಾನು ಗೊಣಗುತ್ತಿದ್ದೆ, ಅವರು ಕೇಳಿಸಿಕೊಳ್ಳುತ್ತಿದ್ದರು. ಸೊಸೆಯ ಹತ್ತಿರ ಹೆಚ್ಚು ಮಾತಾಡುವ ಜನವಲ್ಲ ಅವರು. ಆದರೂ ಆ ಭಾನುವಾರ ಮಾತ್ರ ಹೊಲದ್ದು, ಅವರ ಅವ್ವನದ್ದು, ಗಡಿಯಾಚೆಯ ನೆಂಟರದ್ದು, ಏನೇನೋ ಹೇಳುತ್ತಿದ್ದರು... ಅರ್ಧ ತೆಲುಗು, ಅರ್ಧ ಕನ್ನಡ. ನನ್ನ ಅಪ್ಪ ಹೋದ ಮೇಲೆ ನಾನು ಆ ದಿನಕ್ಕೆ ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ.

ಹೋದ ಭಾನುವಾರ ತಟ್ಟೆ ಹಿಡಿಯಲು ಯಾರೂ ಇರಲಿಲ್ಲ. ನೆಲದ ಮೇಲಿಟ್ಟುಕೊಂಡೆ, ಒಂದು ಸ್ಕ್ರೂ ಉರುಳಿ ಮಂಚದ ಕೆಳಗೆ ಹೋಯಿತು. ಕೊನೆಯ ವರ್ಷ ನಾನು ಬಿಚ್ಚುವ ಮೊದಲೇ ಮಾವ ಹೋಗಿದ್ದರು, ಸ್ಪ್ರಿಂಗ್ ನಿಜವಾಗಿಯೂ ಮುರಿದಿತ್ತು. ವಾಷರ್ ಇದ್ದಿಲಾಗಿತ್ತು. ಎರಡನ್ನೂ ಹೊಸದು ಹಾಕಿ, ತೆಳ್ಳಗೆ ಗ್ರೀಸು ಸವರಿ, ಸಿಲಿಕಾನ್ ಎಣ್ಣೆ ಒಂದು ತೊಟ್ಟು ಬಿಟ್ಟು ಜೋಡಿಸಿದೆ. ಎಲ್ಲ ಶಾಸ್ತ್ರೋಕ್ತವಾಗಿ.

ಮಹಡಿ ಹತ್ತಿದೆ. ಕೋತಿಗಳು ರಾಶಿಯ ಸುತ್ತ ಕೂತಿದ್ದವು. ಗೋಡೆಗೆ ಗುರಿಯಿಟ್ಟು ಹೊಡೆದೆ. ಫುಸ್. ಒಂದು ಮರಿ ಮಾತ್ರ ತಲೆಯೆತ್ತಿ ನೋಡಿತು.

ಕೆಳಗಿಳಿದು ಅಡಿಗೆಮನೆಗೆ ಹೋಗಿ ಬೆಂಕಿಕಡ್ಡಿ ಹುಡುಕಿದೆ. ಶಾಲೆಯಲ್ಲಿ ಮಕ್ಕಳಿಗೆ ಎಣ್ಣೆಯ ನಿಯಮ ಬಾಯಿಪಾಠ ಮಾಡಿಸುವ ನಾನೇ ಹೊಚ್ಚ ಹೊಸ ವಾಷರಿನ ಮೇಲೆ ಶೇಂಗಾ ಎಣ್ಣೆ ಬಿಟ್ಟೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅತ್ತೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದರು, ನನ್ನ ಕಡೆ ನೋಡಲಿಲ್ಲ.

ಈ ಸಲ ಢಮ್ ಎಂದಿತು. ಹೊಗೆ ಬಂತು, ಅದರ ಜೊತೆ ಆ ವಾಸನೆಯೂ. ಕೋತಿಗಳೆಲ್ಲ ಹುಣಸೆಮರ ಸೇರಿದವು.

ಕೆಳಗಿನಿಂದ ಅತ್ತೆ ಕೂಗಿದರು, "ಸಾಕು ಇಳೀರಿ, ಮುದ್ದೆ ಆರ್ತೈತೆ."

ಆಮೇಲೆ ಕೆಳಗೆ ಪಾತ್ರೆಯ ಸದ್ದು ನಿಂತಿತು. ಏರ್‌ಗನ್ನನ್ನು ಗೋಡೆಗೆ ಒರಗಿಸಿ, "ಬಂದೆ ಅತ್ತೆ" ಎಂದೆ.