ಪಟ್ಟಿಯಲ್ಲಿ ಇಲ್ಲದ ಫೈಲು

ಕಂಪ್ಯೂಟರ್ ರಿಪೇರಿ ಮಾಡುವ ಅವನನ್ನು ಎಲ್ಲರೂ ಮಾಮ ಅನ್ನುತ್ತಿದ್ದರು, ಅವನಿಗಿಂತ ಹಿರಿಯರೂ ಕೂಡ. ಬೇರೆಯವರು ಗುಜರಿಗೆ ಹಾಕಲು ಹೊರಟ ಹಳೇ ಯಂತ್ರಗಳನ್ನು ಬಿಚ್ಚಿ, ಒರೆಸಿ, ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ಮುಕ್ತ ತಂತ್ರಾಂಶ ತುಂಬಿ ಶಾಲೆಗೋ ಗ್ರಂಥಾಲಯಕ್ಕೋ ಕೊಡುವುದು ಅವನ ಹುಚ್ಚು. ಆ ತಂತ್ರಾಂಶದ ಡಿಸ್ಕನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನೂ ಇನ್ನು ಐದಾರು ಮಂದಿಯೂ ಸೇರಿ ತಯಾರಿಸುತ್ತಿದ್ದರು.

ಆ ಗುಂಪಿನಲ್ಲಿ ಒಂದು ಕಟ್ಟಳೆ. ಡಿಸ್ಕಿಗೆ ಹೋಗುವ ಪ್ರತಿ ಫೈಲಿನ ಪರವಾನಗಿಯನ್ನೂ ಗುಂಪಿನವರೆಲ್ಲ ಷರತ್ತಿನ ಅಕ್ಕ ಅನ್ನುತ್ತಿದ್ದ ಹಿರಿಯರು ಓದಬೇಕು, ಪಟ್ಟಿಯಲ್ಲಿ ಅದರ ಮುಂದೆ ರುಜು ಹಾಕಬೇಕು, ಆಮೇಲೇ ಅದು ಒಳಗೆ. ಅಕ್ಕ ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವರು. ವಯಸ್ಸು ಎಪ್ಪತ್ತು ದಾಟಿತ್ತು, ಎರಡೂ ಕಣ್ಣಿಗೆ ಆಪರೇಷನ್ ಆಗಿತ್ತು. ಜನ ಕಣ್ಣುಮುಚ್ಚಿ "ಒಪ್ಪಿದೆ" ಅಂತ ಒತ್ತಿ ಮುಂದೆ ಹೋಗುವ ಪುಟಗಳನ್ನು ಅವರು ಕೊನೆಯ ಚುಕ್ಕೆಯವರೆಗೂ ಓದುತ್ತಿದ್ದರು.

ತೊಂದರೆ ಕೊಟ್ಟದ್ದು ವೈಫೈ. ವೈಫೈ ಚಿಪ್ಪಿಗೆ ಜೀವ ಬರಬೇಕಾದರೆ ಅದನ್ನು ತಯಾರಿಸಿದ ಕಂಪನಿಯದೇ ಫರ್ಮ್‌ವೇರ್ ಎಂಬ ಪುಟ್ಟ ಫೈಲು ಬೇಕು. ಬಳಸುವವರು ನಮ್ಮ ಜಾಲತಾಣದಿಂದ ತಾವೇ ಇಳಿಸಿಕೊಳ್ಳಲಿ, ಬೇರೆ ಯಾರೂ ಹಂಚಕೂಡದು ಎಂಬುದು ಕಂಪನಿಯ ಷರತ್ತು. ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಕೇಬಲ್ ಇಲ್ಲದ ಕಡೆ ಇಂಟರ್‌ನೆಟ್ ಬರಲು ಆ ಫೈಲು ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತಾರಲ್ಲ, ಅದೇ ಕಥೆ. ಹಂಚಲು ಅನುಮತಿ ಕೊಡಿ ಎಂದು ಅಕ್ಕ ಎರಡು ವರ್ಷದಿಂದ ಕಂಪನಿಗೆ ಕಾಗದ ಬರೆಯುತ್ತಲೇ ಇದ್ದರು.

ಅಷ್ಟರಲ್ಲಿ ಮಾಮನ ಮಾನ ಹೋಗುತ್ತಿತ್ತು. ಕೊಟ್ಟ ಯಂತ್ರಗಳು ಒಂದೊಂದಾಗಿ ವಾಪಸ್ ಬರುತ್ತಿದ್ದವು. "ಏನ್ ಭಾವ, ನಿಮ್ ಕಂಪ್ಯೂಟರನ್ನ ಹಗ್ಗ ಕಟ್ಟೇ ಸಾಕ್ಬೇಕಾ?" ಎಂದು ಅವನ ಭಾಮೈದ ಉದ್ದದ ಕೇಬಲ್ ಎತ್ತಿ ತೋರಿಸಿ ನಾಲ್ಕು ಜನರೆದುರು ನಕ್ಕ. ಮಾಮನಿಗೆ ರೇಗಿತು. ಹೊಸ ಡಿಸ್ಕಿನ ಪಟ್ಟಿಗೆಲ್ಲ ಅಕ್ಕ ರುಜು ಹಾಕಿ ಮನೆಗೆ ಹೋದ ಮಧ್ಯಾಹ್ನ ಆ ಫೈಲನ್ನು ಸದ್ದಿಲ್ಲದೆ ಒಳಗೆ ಸೇರಿಸಿಬಿಟ್ಟ. ಇವತ್ತಲ್ಲ ನಾಳೆ ಬರುವ ಅನುಮತಿ ತಾನೆ, ಅಂದುಕೊಂಡ. ತಪ್ಪು ಮಾಡುವವನಿಗೆ ನೆಪಕ್ಕೇನು ಬರ?

ಡಿಸ್ಕು ಊರೂರಿಗೆ ಹೋಯಿತು. ವೈಫೈ ಬಂತು, ಹೊಗಳಿಕೆ ಬಂತು, ಮಾಮ ಮೀಸೆ ತಿರುವಿದ. ಮೂರನೇ ವಾರ ಕಂಪನಿಯಿಂದ ಅಕ್ಕನಿಗೆ ಉತ್ತರ ಬಂತು. ಅನುಮತಿ ಪತ್ರಕ್ಕೆ ಇನ್ನೇನು ಸಹಿ ಆಗುವುದರಲ್ಲಿತ್ತು, ಅಷ್ಟರಲ್ಲಿ ನಿಮ್ಮ ಹೊಸ ಡಿಸ್ಕು ತೆರೆದು ನೋಡಿದೆವು, ಕೊಡುವ ಮೊದಲೇ ತೆಗೆದುಕೊಂಡವರಿಗೆ ಇನ್ನು ಕೊಡುವುದೇನೂ ಇಲ್ಲ ಎಂದು ಬರೆದಿದ್ದರು.

ಅಕ್ಕ ಫೋನ್ ಮಾಡಿದರು. "ರುಜು ಹಾಕಿದ ಪಟ್ಟಿ ನಿನ್ ಹತ್ರಾನೇ ಇದೆಯಲ್ಲಪ್ಪ. ಅದ್ರಲ್ಲಿ ಈ ಫೈಲಿನ ಹೆಸ್ರು ಇತ್ತಾ?"

ಪಟ್ಟಿ ಮಾಮನ ಮೊಣಕೈ ಕೆಳಗೇ ಇತ್ತು. ಹೆಸರು ಇರಲಿಲ್ಲ.

"ಇತ್ತು ಅನ್ಸುತ್ತೆ ಅಕ್ಕ," ಅಂದ.

"ಹಾಗಾದ್ರೆ ನಾನೇ ಸರಿಯಾಗಿ ನೋಡದೇ ರುಜು ಹಾಕ್ಬಿಟ್ಟಿದೀನಿ," ಎಂದು ಅಕ್ಕ ಫೋನ್ ಇಟ್ಟರು. ಮರುದಿನ ಗುಂಪಿನವರಿಗೆಲ್ಲ ಅವರ ಪತ್ರ ಬಂತು. ತಪ್ಪು ನನ್ನದು, ನನ್ನ ಕಣ್ಣನ್ನು ಇನ್ನು ನಂಬುವ ಹಾಗಿಲ್ಲ, ಈ ಕೆಲಸ ಬೇರೆಯವರು ವಹಿಸಿಕೊಳ್ಳಲಿ.

ಎಂಟು ದಿನ ಮಾಮ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾ ಓಡಾಡಿದ. ಯಾರಾದರೂ "ಪಾಪ, ಅಕ್ಕಂಗೂ ವಯಸ್ಸಾಯ್ತು" ಅಂದರೆ ಸ್ಕ್ರೂ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗುತ್ತಿದ್ದ. ಕನ್ನಡಿಯಲ್ಲಿ ತನ್ನ ಮುಖ ನೋಡಲು ನಾಚಿಕೆಯಾಗಿ ಗಡ್ಡ ಬಿಟ್ಟ. ಒಂಬತ್ತನೇ ದಿನ ತಡೆಯಲಾರದೆ ಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಮನೆಗೆ ಹೋದ.

ಅಕ್ಕ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದರು. ಮಗಳು ಮಾತ್ರೆ ಹಾಳೆಯ ಮೇಲಿನ ಹೆಸರು ಓದಿ ಹೇಳುತ್ತಿದ್ದಳು. "ನೀವಾದ್ರೂ ಹೇಳಿ ಮಾಮ," ಅಂದಳು. "ಪೇಪರ್ ಕೂಡ ನನ್ ಕೈಲೇ ಓದಿಸ್ತಾಳೆ ಅಮ್ಮ. ಡಾಕ್ಟ್ರು ಕಣ್ಣು ಚೆನ್ನಾಗಿದೆ ಅಂದ್ರೂ ನಂಬಲ್ಲ."

ಮಾಮನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಪಟ್ಟಿಯನ್ನು ಅಕ್ಕನ ಮಡಿಲಲ್ಲಿ ಇಟ್ಟ. "ಹೆಸ್ರು ಇದ್ರಲ್ಲಿಲ್ಲ ಅಕ್ಕ. ನೀವ್ ರುಜು ಹಾಕಿದ್ಮೇಲೆ ನಾನೇ ಸೇರಿಸ್ದೆ. ಇತ್ತು ಅಂದಿದ್ದು ಸುಳ್ಳು."

ಬೈಯುತ್ತಾರೆ, ಬಾಗಿಲು ತೋರಿಸುತ್ತಾರೆ ಎಂದು ತಲೆತಗ್ಗಿಸಿ ನಿಂತ. ಅಕ್ಕನಿಗೆ ಬೈಯುವ ನೆನಪೇ ಆಗಲಿಲ್ಲ. ಅವರ ಮುಖ ಅರಳಿತು. "ಇರ್ಲಿಲ್ವಾ? ನಿಜವಾಗ್ಲೂ ಇರ್ಲಿಲ್ವಾ?" ಎಂದು ಅವನ ಕೈ ಹಿಡಿದು ಕೇಳಿದರು. "ಕೇಳಿದ್ಯೇನೇ, ನನ್ ಕಣ್ಣು ಸರಿಯಾಗೇ ಇದೆ!" ಎನ್ನುತ್ತಾ ಮಗಳ ಕೈಯಿಂದ ಮಾತ್ರೆ ಹಾಳೆ ಕಿತ್ತುಕೊಂಡರು.

ಮಾತ್ರೆಯ ಹೆಸರು, ತಯಾರಿಸಿದ ತಿಂಗಳು, ಅವಧಿ ಮುಗಿಯುವ ತಿಂಗಳು, ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬ ಇರುವೆ ಸಾಲಿನಂಥ ಅಕ್ಷರಗಳು, ಎಲ್ಲವನ್ನೂ ಶಾಲೆ ಹುಡುಗಿಯ ಹಾಗೆ ಗಟ್ಟಿಯಾಗಿ ಓದತೊಡಗಿದರು. ಅವರ ಸಂತೋಷ ಹೆಚ್ಚಿದಷ್ಟೂ ಮಾಮ ಕುಗ್ಗಿಹೋದ. ಹೊರಟುಹೋಗಲು ಮುಖವಿಲ್ಲದೆ, ಕಡೆಯ ಅಕ್ಷರದವರೆಗೂ ಅಲ್ಲೇ ನಿಂತು ಕೇಳಿಸಿಕೊಂಡ.