ದೆವ್ವಗಳಿಗೂ ‘ರೀ’ ಅನ್ನುತ್ತಿದ್ದ ಫಕೀರಪ್ಪಜ್ಜ

ಫಕೀರಪ್ಪಜ್ಜ ದೆವ್ವಗಳಿಗೂ ‘ರೀ’ ಹಚ್ಚಿ ಮಾತನಾಡುತ್ತಿದ್ದ. ಕುಕನೂರಿನ ಸುತ್ತ ದೆವ್ವ ಬಿಡಿಸುವವರೆಂದರೆ ಚಾಟಿ ಬೀಸುವವರು, ಮೆಣಸಿನಕಾಯಿ ಹೊಗೆ ಹಾಕುವವರು. ಇವನು ಬೇವಿನ ತೊಪ್ಪಲು ಹಿಡಿದು ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತು, “ಬರ್ರಿ, ಕುಂದರ್ರಿ. ಯಾವೂರಿಂದ ಬಂದೀರಿ? ಏನ್ ಬೇಕಾಗಿತ್ರಿ?” ಎಂದು ಕೇಳುತ್ತಿದ್ದ. ದೆವ್ವ ಕೇಳಿದ್ದನ್ನು ಕೊಡಲೇಬೇಕು, ಕೊಡದಿದ್ದರೆ ಅದು ಮನೆಯ ಗಂಡಸರನ್ನು ಹಿಡಿಯುತ್ತದೆ ಎಂಬುದು ಅವನೇ ಮಾಡಿದ ಕಾನೂನು. ಗಂಡಸರ ಮಾತು ಬಂದದ್ದೇ ತಡ, ಅತ್ತೆಯರು ಮೆತ್ತಗಾಗುತ್ತಿದ್ದರು.

ನಮ್ಮ ಓಣಿಯ ದೆವ್ವಗಳೇನೂ ಭಾರಿ ಆಸೆಬುರುಕವಲ್ಲ. ಒಂದು ಹೊಸ ಸೀರೆ ಕೇಳಿತು, ಇನ್ನೊಂದು ಹೊಟ್ಟೆ ತುಂಬ ಹೋಳಿಗೆ ಕೇಳಿತು. ನನ್ನ ಮೈಮೇಲೆ ಬಂದದ್ದು ತವರಿಗೆ ಹೋಗಬೇಕೆಂದಿತು. ಮದುವೆಯಾಗಿ ಎರಡು ವರ್ಷವಾದರೂ ಅತ್ತೆ ನನ್ನನ್ನು ಒಮ್ಮೆಯೂ ಕಿನ್ನಾಳಕ್ಕೆ ಕಳಿಸಿರಲಿಲ್ಲ. ಕೂದಲು ಬಿಚ್ಚಿ, ತಲೆ ತೂಗಿ, ಅಂಗಳದಲ್ಲಿ ಹೊರಳಾಡಿದೆ. ಅಜ್ಜ ಬಗ್ಗಿ ನನ್ನ ಕಿವಿಯಲ್ಲಿ, “ತಂಗೀ, ಅಷ್ಟು ಜೋರ ತೂಗಬ್ಯಾಡ, ಕುತ್ತಿಗಿ ಉಳುಕತೈತಿ” ಎಂದ. ಆಮೇಲೆ ಓಣಿಗೆಲ್ಲ ಕೇಳುವಂತೆ, “ಈಕಿನ್ನ ಐದು ದಿನ ತವರಿಗೆ ಕಳಸ್ರಿ! ಒಂದು ದಿನ ಕಮ್ಮಿ ಆದ್ರ ಮತ್ತ ಬರ್ತೀನಿ ಅಂತೈತಿ” ಎಂದು ಕೂಗಿದ. ಅವ್ವನ ಕೈಯಿಂದ ಐದು ದಿನ ತಲೆಗೆ ಎಣ್ಣೆ ಹಾಕಿಸಿಕೊಂಡು ಬಂದೆ.

ಅದೇ ವರ್ಷ ಕೊಪ್ಪಳದಲ್ಲಿ ಟೆಂಟು ಹಾಕಿ ಸಿನೆಮಾ ತೋರಿಸತೊಡಗಿದರು. ಮೊದಲು ನೋಡಿ ಬಂದವನು ಅಜ್ಜನೇ. “ದೆವ್ವದ ಆಟ ಐತ್ರೀ! ನಕ್ಕೋತ ಹೊಟ್ಟಿ ಹುಣ್ಣಾಗತೈತಿ. ಎಲ್ಲಾರೂ ನೋಡಿ ಬರ್ರಿ!” ಎಂದು ಮನೆಮನೆಗೆ ಹೇಳಿದ. ನಮ್ಮತ್ತೆಯ ಕೈಹಿಡಿದು ಬಂಡಿ ಹತ್ತಿಸಿದವನೂ ಅವನೇ.

ನಿಜಾಮರ ಕಾಲ, ಮಾತೆಲ್ಲ ಉರ್ದುವಿನಲ್ಲಿತ್ತು. ಆದರೆ ಕಥೆ ತಿಳಿಯಲು ಮಾತು ಬೇಕಿರಲಿಲ್ಲ. ಲಾಡು ತಿನ್ನುವ ಆಸೆಗೆ ಸೊಸೆಯೊಬ್ಬಳು ದೆವ್ವ ಬಂದವಳಂತೆ ನಟಿಸುತ್ತಾಳೆ. ಬಿಡಿಸಲು ಬಂದ ಮುದುಕನೂ ಅವಳ ಕಡೆಯವನೇ. ಕೊನೆಗೆ ನಿಜವಾದ ದೆವ್ವವೇ ಬಂದು ಮುದುಕನ ಗಡ್ಡ ಹಿಡಿದು ಕುಣಿಸುತ್ತದೆ. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅತ್ತೆ ಮಾತ್ರ ನಗದೆ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದರು. ಅಜ್ಜ ಕಾಲ ಮೇಲೆ ಕಲ್ಲು ಎತ್ತಿ ಹಾಕಿಬಿಟ್ಟಿದ್ದ. ಕಾಲು ಮಾತ್ರ ನಮ್ಮದಾಗಿತ್ತು.

ಮುಂದಿನ ತಿಂಗಳು ಕಿನ್ನಾಳದಿಂದ ಗೊಂಬೆ ಮಾರಲು ಬಂದವನೊಬ್ಬ, “ನಿಮ್ಮವ್ವ ಹಾಸಿಗಿ ಹಿಡದಾಳ. ನಿನ್ನ ಹೆಸರ ಹಿಡದು ಕರಿಯಾಕತ್ಯಾಳ” ಎಂದ. ಅತ್ತೆಯ ಕಾಲು ಹಿಡಿದೆ. “ಸುಗ್ಗಿ ಮುಗೀಲಿ” ಎಂದರು. ಬೇರೆ ದಾರಿ ಕಾಣದೆ ಮತ್ತೆ ಕೂದಲು ಬಿಚ್ಚಿದೆ. ಅಜ್ಜ ಓಡಿಬಂದು ಎದುರಿಗೆ ಕೂತ.

“ಬರ್ರಿ, ಕುಂದರ್ರಿ...”

“ಲಾಡು ಬೇಕಾಗಿರಬೇಕು, ಕೇಳಪಾ!” ಎಂದರು ಅತ್ತೆ.

ಅಂಗಳ ತುಂಬ ನಗೆ. ನನ್ನ ಗಂಡನೂ ನಕ್ಕ. “ನಗಬ್ಯಾಡ್ರಿ, ದೇವರಾಣಿ ಇದು ಖರೇ ಐತ್ರೀ!” ಎಂದ ಅಜ್ಜ. ಪರದೆಯ ಮುದುಕನೂ ಹೀಗೇ ಆಣೆ ಮಾಡಿದ್ದನಲ್ಲ, ಜನ ಇನ್ನೂ ನಕ್ಕರು. ಅವನು ಆಣೆ ಮಾಡಿದಷ್ಟೂ ನಗೆ ಹೆಚ್ಚಿತು. ಅವನು ತೊಪ್ಪಲು ಕೆಳಗಿಟ್ಟ. ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗಿ, “ಏಳವ್ವಾ ತಂಗೀ. ನನ್ನ ಕೈಲೆ ಆಗೂದಿಲ್ಲ” ಎಂದ. ಧೂಳು ಝಾಡಿಸಿಕೊಂಡು ಎದ್ದು ರೊಟ್ಟಿ ಬಡಿಯಲು ಹೋದೆ. ನಾಲ್ಕನೆಯ ದಿನ ಅವ್ವ ತೀರಿಕೊಂಡ ಸುದ್ದಿ ಬಂತು.

ಅಜ್ಜನ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಎಷ್ಟೋ ವರ್ಷ ಮಾತು ಬಿಟ್ಟಿದ್ದೆ. ಓಣಿಯ ಯಾವ ಸೊಸೆಯ ಮೈಮೇಲೂ ಆಮೇಲೆ ದೆವ್ವ ಬರಲಿಲ್ಲ, ಅವನ ಬಾಗಿಲಿಗೂ ಯಾರೂ ಹೋಗಲಿಲ್ಲ. ಹಾಸಿಗೆ ಹಿಡಿದಿದ್ದಾನೆಂದು ಕೇಳಿ ಒಂದು ಮಧ್ಯಾಹ್ನ ಅಂಬಲಿ ತೆಗೆದುಕೊಂಡು ಹೋದೆ. ಗುರುತು ಹಿಡಿದು ಅತ್ತುಬಿಟ್ಟ. ಅವನ ಮಾತೇ ನನ್ನ ಬಾಯಿಗೆ ಬಂತು: “ಏನ್ ಬೇಕಾಗಿತ್ರಿ, ಅಜ್ಜಾ?”

ಅವನು ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, “ಈಕಿನ್ನ ಐದು ದಿನ ತವರಿಗೆ ಕಳಸ್ರಿ” ಎಂದ.

ಆಗಲಿ ಎಂದೆ. ಅತ್ತೆ ತೀರಿಕೊಂಡಿದ್ದರು, ಬೇಡವೆನ್ನುವವರು ಯಾರೂ ಇರಲಿಲ್ಲ. ಕಿನ್ನಾಳದಲ್ಲಿ ನನಗೆ ಬಾಗಿಲು ತೆಗೆಯುವವರೂ ಇರಲಿಲ್ಲ.